ಹದಿನಾಲ್ಕು ಅಂಗಿಗಳ ಬಾಕಿ

ತಾಬೆರ್ನಾಸಿನ ನನ್ನ ಈ ಹೆಂಡದಂಗಡಿಗೆ
ಭಾನುವಾರ, ಮಧ್ಯಾಹ್ನ ಎರಡರ ಮೇಲೆ,
ಸತ್ತವರು ಬಂದು ಕೂರುತ್ತಾರೆ.

ಹೆದರಬೇಡಿ, ಸತ್ತದ್ದು ಪರದೆಯ ಮೇಲೆ.
ತೊರ್ಕ್ವಾತೊ ನಲವತ್ತೊಂದು ಸಲ.
ಹಿನೇಸ್ ಇಪ್ಪತ್ತಾರು, ಅದರಲ್ಲೊಂದು ಕುದುರೆಯ ಕೆಳಗೆ,
ಆ ಸೊಂಟ ಇನ್ನೂ ನೆಟ್ಟಗಾಗಿಲ್ಲ.
ಇಂದಲೇಸಿಯೊ ಲೆಕ್ಕ ಇಟ್ಟವನಲ್ಲ:
ಬೆಳಿಗ್ಗೆ ಬಂಡುಕೋರನಾಗಿ ಸತ್ತು, ಉಂಡು, ಮುಖ ತೊಳೆದು
ಸಂಜೆ ಅವನನ್ನೇ ಕೊಂದ ಸಿಪಾಯಿಯಾಗಿ ಸತ್ತವನು.

ಸೀಮೆಸುಣ್ಣ ಕೇಳುತ್ತಾರೆ. ಕೊಡುತ್ತೇನೆ.
ಕಟ್ಟೆಯ ಕಲ್ಲಿನ ಮೇಲೆ ಒಂದು, ಎರಡು, ಮೂರು ಗೀಚಿ
ಯಾವ ಚಿತ್ರ ಮೇಲು, ಯಾವುದು ಕೀಳು, ಶುರು.
ಹೆಸರು ಒಬ್ಬರಿಗೂ ನೆನಪಿಲ್ಲ.
ರೋಮಿನಲ್ಲಿ ಒಂದಿಟ್ಟರು, ಇಲ್ಲಿ ಇನ್ನೊಂದು, ಜರ್ಮನಿಯಲ್ಲಿ ಮತ್ತೊಂದು.
ಹಾಗಾಗಿ: ಬಾವಿಗೆ ಹೆಣ ಎಸೆದದ್ದು,
ಒಕ್ಕಣ್ಣ ಪಾದ್ರಿಯದ್ದು,
ಹನ್ನೊಂದು ದಿನ ಬರೀ ಕಡಲೆ ಹಾಕಿದ್ದು.
ಲೋಕ ಅದಕ್ಕೆ ಸ್ಪಗೆಟ್ಟಿ ಎಂದು ಹೆಸರಿಟ್ಟಿತು,
ನಾವು ತಿಂದದ್ದು ಕಡಲೆ.

ಜಗಳ ಹತ್ತುವುದು ಅಲ್ಲಲ್ಲ,
ಯಾವುದು ಅಸಲಿ ಅನ್ನುವಲ್ಲಿ.
ಹಣ ರೋಮಿನದಾಗಿರಬೇಕು, ತೊರ್ಕ್ವಾತೊ.
ಹಣ ಯಾರದಾದರೇನು, ಧೂಳು ನಮ್ಮದಾಗಿರಬೇಕು, ಹಿನೇಸ್.
ನಾಯಕ ಕ್ಷೌರ ಮಾಡಿಸಿರಬಾರದು.
ಒಳ್ಳೆಯವನೂ ಆಗಿರಬಾರದು.
ಬಾಯಿಗೂ ಮಾತಿಗೂ ತಾಳೆ ಬಿದ್ದರೆ ಅದು ನಕಲಿ,
ಇಂದಲೇಸಿಯೊ ಕಡ್ಡಿ ಮುರಿಯುತ್ತಾನೆ:
ಕ್ಯಾಮೆರಾದ ಮುಂದೆ ನಾನು ಬೈದದ್ದು ನನ್ನ ಅತ್ತೆಯನ್ನು.
ಟಾಕೀಸಿನಲ್ಲಿ ನನ್ನ ಬಾಯಿಂದ ಹೊರಟದ್ದು
ಯಾವನದೋ ಗಂಟಲು, "ನದಿ ದಾಟಿದವನಿಗೆ ಕ್ಷಮೆಯಿಲ್ಲ."
ಪಕ್ಕದಲ್ಲೇ ಕೂತಿದ್ದ ಅತ್ತೆ
ಸೆರಗಿಲ್ಲದ ಊರಿನವಳು, ತೋಳಿಗೆ ಮೂಗೊರೆಸಿ ಅತ್ತಳು.

ನನ್ನನ್ನು ಯಾರೂ ಕೇಳುವುದಿಲ್ಲ.
ಹನ್ನೆರಡು ವರ್ಷದ ಆಂಗುಸ್ತಿಯಾಸ್, ಅಗಸಗಿತ್ತಿಯ ಮಗಳು,
ಇವರ ಸಾವನ್ನೆಲ್ಲ ಒಗೆದವಳು.
ನನ್ನ ಪಟ್ಟಿಯೇ ಬೇರೆ.
ಬೀಟ್‌ರೂಟಿನ ನೆತ್ತರು ತಣ್ಣೀರಿಗೇ ಬಿಡುತ್ತಿತ್ತು, ಅಂಥವು ಮೊದಲು.
ರೋಮಿನಿಂದ ಡಬ್ಬಿಯಲ್ಲಿ ಬಂದ ಕೆಂಪು
ಬೂದಿಗೂ ಬಗ್ಗದೆ ಅಮ್ಮನ ಉಗುರಲ್ಲಿ ಉಳಿಯಿತು.
ಅವುಗಳನ್ನು ಎಷ್ಟು ಹೊಗಳಿದರೂ ನನಗೆ ಕೊನೆ.

ಇಂದಲೇಸಿಯೊ ಪ್ರತಿ ವಾರ
ಮೊದಲ ಸಾಲಿನಲ್ಲಿ ಒಂದು ಗೀಟು ಎಳೆಯುತ್ತಾನೆ, ಬರೀ ಗೀಟು.
ಅದರಲ್ಲಿ ಅವನು ಸಾಯುವುದಿಲ್ಲ.
ಕೊನೆಗೆ ಕುದುರೆ ಹತ್ತಿ ಹೋಗುವವನು ಅವನೇ.
ಇಪ್ಪತ್ತೆರಡು ದಿನ ತೆಗೆದರು. ಇಪ್ಪತ್ಮೂರನೆಯ ಬೆಳಿಗ್ಗೆ
ನಿರ್ಮಾಪಕನ ಕೋಣೆಯಲ್ಲಿ ಒಂದು ಟೈ ಮಾತ್ರ ನೇತಾಡುತ್ತಿತ್ತು.
ಹಿಂಬದಿಯಿಲ್ಲದ ಇಗರ್ಜಿ ಗಾಳಿಗೆ ಬಿತ್ತು.
ಹಲಗೆ ನಮ್ಮ ಕೋಳಿಗೂಡಾಯಿತು.

"ಯಾರೂ ನೋಡದ್ದು ಚಿತ್ರವೇ ಅಲ್ಲ," ತೊರ್ಕ್ವಾತೊ ಅಳಿಸುತ್ತಾನೆ.
"ನಾನು ನೋಡಿದೆ." "ನೀನು ಅದರೊಳಗಿದ್ದೆ, ಕತ್ತೆ."

ಇವತ್ತು ಯಾಕೋ ನನಗೆ ತಡೆಯಲಿಲ್ಲ.
ಒಳಗೆ ಹೋಗಿ ಅಮ್ಮನ ತಗಡಿನ ಪೆಟ್ಟಿಗೆ ಕೆದಕಿ
ಹಳದಿಗಟ್ಟಿದ ಚೀಟಿ ತಂದು ಗ್ಲಾಸುಗಳ ನಡುವೆ ಇಟ್ಟೆ.
ಅಂಗಿ ಹದಿನಾಲ್ಕು, ಕಂಬಳಿ ಒಂದು, ಒಗೆದದ್ದು, ಒಣಗಿಸಿದ್ದು,
ಮೂರು ತೂತು ಹೊಲಿದದ್ದು. ಬಾಕಿ.

ಕನ್ನಡಕ ಒಬ್ಬರಿಂದೊಬ್ಬರಿಗೆ ದಾಟಿತು.
ಹಿನೇಸ್ ಎರಡು ಸಲ ಓದಿದ, ಬೆರಳಿಟ್ಟು.
"ಕೂಲಿ ಕೊಟ್ಟಿಲ್ಲವೇ?"
"ಇಲ್ಲ."
"ಹಾಗಾದರೆ ಅಸಲಿ," ಎಂದ,
"ಇದಕ್ಕಿಂತ ಅಸಲಿ ಇನ್ನೊಂದಿಲ್ಲ."

ತೊರ್ಕ್ವಾತೊ ಗೊಣಗುತ್ತ ಸೀಮೆಸುಣ್ಣ ಎತ್ತಿಕೊಂಡು
ಏನೆಂದು ಬರೆಯಲಿ ಎಂದ.
ಇಂದಲೇಸಿಯೊಗೂ ಹೆಸರು ಗೊತ್ತಿರಲಿಲ್ಲ.
ಕುದುರೆಯ ಹೆಸರು ಗೊತ್ತಿತ್ತು,
ಅದನ್ನೇ ಬರೆದರು.